ವಾರ್ಡನ್ ಸಹಿ ಹಾಕಿದ ಒಪ್ಪಿಗೆ: ಐಸಿಎಂಆರ್‌ಗೆ ಒಂದು ಬಹಿರಂಗ ಪತ್ರ

ಗೆ,
ಮಹಾನಿರ್ದೇಶಕರು,
ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್), ನವದೆಹಲಿ
ಹಾಗೂ
ಮಂಡಳಿಯ ಬಯೋಎಥಿಕ್ಸ್ ಘಟಕ, ಬೆಂಗಳೂರು

ಮಾನ್ಯರೇ,

2009ರಲ್ಲಿ ಆಗಿನ ಆಂಧ್ರದ, ಈಗಿನ ತೆಲಂಗಾಣದ ಖಮ್ಮಂ ಜಿಲ್ಲೆಯ ಶಾಲೆಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್) ಲಸಿಕೆ ಹಾಕಿಸಿಕೊಂಡ ಹುಡುಗಿಯರು ಈಗ ಮೂವತ್ತರ ಆಸುಪಾಸಿನ ಹೆಂಗಸರು. ಎಷ್ಟೋ ಜನರಿಗೆ ಮದುವೆಯಾಗಿ ಮಕ್ಕಳೂ ಆಗಿರಬಹುದು. ಅಂದು ತಮ್ಮ ತೋಳಿಗೆ ಚುಚ್ಚಿದ್ದು ಏನು, ಅದು ಯಾವ ರೋಗಕ್ಕೆ, ಆಮೇಲೆ ಅದರ ಸುತ್ತ ಅಷ್ಟೊಂದು ಗಲಾಟೆ ಯಾಕಾಯಿತು, ಲಸಿಕೆ ಹಾಕಿಸಿಕೊಂಡರೂ ಮುಂದೆ ತಪಾಸಣೆ ಮಾಡಿಸಿಕೊಳ್ಳಬೇಕಾ? ಇದನ್ನೆಲ್ಲ ಯಾರಾದರೂ ಅವರ ಊರಿಗೆ ಹೋಗಿ, ಅವರ ಮಾತಿನಲ್ಲಿ ಹೇಳಿದ್ದಾರಾ? ಹೇಳಿದ್ದರೆ ಯಾವಾಗ, ಎಷ್ಟು ಜನರಿಗೆ ಅಂತ ತಿಳಿಸಿ. ಹೇಳಿಲ್ಲವಾದರೆ ಮುಂದಿನ ಮಾತೆಲ್ಲ ಅದರ ಬಗ್ಗೆಯೇ.

ನಾನು ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಹೈಸ್ಕೂಲೊಂದರ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಈಗ ಒಂದು ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಜನರ ಮೇಲೆ ನಡೆಯುವ ಸಂಶೋಧನೆ ಸರಿಯಾಗಿದೆಯಾ ಅಂತ ನೋಡಿ ಒಪ್ಪಿಗೆ ಕೊಡುವ ಸಮಿತಿಯಲ್ಲಿ, 'ಸಾಮಾನ್ಯ ವ್ಯಕ್ತಿ' ಅನ್ನುವ ಸ್ಥಾನದಲ್ಲಿ ಕೂರುತ್ತೇನೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮದ ಪ್ರಕಾರ ಕಮಿಟಿಯಲ್ಲಿ ಕನಿಷ್ಠ ಏಳು ಜನ ಇರಬೇಕು, ಅವರಲ್ಲಿ ನನ್ನಂಥ ಒಬ್ಬರು ಇರಲೇಬೇಕು. ಡಾಕ್ಟರುಗಳ ನಡುವೆ ಕೂತು 'ಇದು ನಮಗೆ ಅರ್ಥ ಆಗಲಿಲ್ಲ' ಅನ್ನುವುದೇ ನನ್ನ ಕೆಲಸ.

ಮೊದಲೇ ಹೇಳಿಬಿಡುತ್ತೇನೆ. ನಾನು ಲಸಿಕೆಯ ವಿರೋಧಿ ಅಲ್ಲ. ಗರ್ಭಕಂಠದ ಕ್ಯಾನ್ಸರ್‌ನಿಂದ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 77 ಸಾವಿರ ಹೆಂಗಸರು ಸಾಯುತ್ತಾರೆ ಅಂತ 2020ರ ಅಂದಾಜು. ಎಚ್‌ಪಿವಿ ಲಸಿಕೆ ಅದನ್ನು ತಡೆಯುತ್ತದೆ. ನನ್ನ ಮೊಮ್ಮಗಳಿಗೂ ಹಾಕಿಸಬೇಕು ಅಂತಲೇ ಇದ್ದೇನೆ. ನನ್ನ ತಕರಾರು ಬೇರೆ. ಆ ಲಸಿಕೆ ನಮ್ಮ ಬಡವರ ಹೆಣ್ಣುಮಕ್ಕಳ ಹತ್ತಿರ ಮೊದಲ ಸಲ ಬಂದಾಗ ಬಾಗಿಲು ತಟ್ಟದೆ ಒಳಗೆ ಬಂತು. ಅದರ ದಂಡವನ್ನು ನಾವು ವರ್ಷಗಟ್ಟಲೆ ಕಟ್ಟಿದೆವು.

ಆದದ್ದೇನು ಅಂತ ನಿಮಗೆ ಗೊತ್ತು. ಓದುವ ಉಳಿದವರಿಗಾಗಿ ಬರೆಯುತ್ತೇನೆ. ಅಮೆರಿಕದ 'ಪಾತ್' ಅನ್ನುವ ಸಂಸ್ಥೆ ಗೇಟ್ಸ್ ಫೌಂಡೇಶನ್ ಹಣದಲ್ಲಿ ಭಾರತ, ಪೆರು, ಉಗಾಂಡ, ವಿಯೆಟ್ನಾಂ ಈ ನಾಲ್ಕು ದೇಶಗಳಲ್ಲಿ ಎಚ್‌ಪಿವಿ ಲಸಿಕೆಯ ಯೋಜನೆ ಶುರು ಮಾಡಿತು. ಇಲ್ಲಿ ಅದರ ಜೊತೆಗಿದ್ದವರು ನೀವು ಮತ್ತು ಎರಡು ರಾಜ್ಯ ಸರ್ಕಾರಗಳು. ಲಸಿಕೆಗೆ ಈ ದೇಶದಲ್ಲಿ ಪರವಾನಗಿ ಸಿಗುವ ಮೊದಲೇ, 2007ರಲ್ಲೇ, ನಿಮ್ಮ ಮತ್ತು ಪಾತ್ ನಡುವೆ ಒಪ್ಪಂದ ಆಗಿತ್ತು. 2009ರ ಜುಲೈನಲ್ಲಿ ಆಗಿನ ಆಂಧ್ರದ ಖಮ್ಮಂನಲ್ಲಿ, ಆಗಸ್ಟ್‌ನಲ್ಲಿ ಗುಜರಾತಿನ ವಡೋದರದಲ್ಲಿ ಲಸಿಕೆ ಹಾಕುವುದು ಶುರುವಾಯಿತು. ಖಮ್ಮಂನಲ್ಲಿ ಮರ್ಕ್ ಕಂಪನಿಯ ಗಾರ್ಡಸಿಲ್, ವಡೋದರದಲ್ಲಿ ಜಿಎಸ್‌ಕೆ ಕಂಪನಿಯ ಸರ್ವಾರಿಕ್ಸ್. ಎರಡೂ ಕಂಪನಿಗಳು ಲಸಿಕೆಯನ್ನು ಬಿಟ್ಟಿ ಕೊಟ್ಟವು. 10ರಿಂದ 14 ವರ್ಷದ ಹುಡುಗಿಯರು, ಎರಡೂ ಕಡೆ ಸೇರಿ ಸುಮಾರು 24 ಸಾವಿರ. ಆಗ ಹೊರಗೆ ಕೊಂಡರೆ ಮೂರು ಡೋಸಿಗೆ ಸಾವಿರಾರು ರೂಪಾಯಿ ಆಗುತ್ತಿತ್ತು. ಪುಕ್ಕಟೆ ಸಿಗುತ್ತದೆ ಅಂದರೆ ಯಾರು ಬೇಡ ಅಂತಾರೆ?

ಅಂದಿನ ಖಮ್ಮಂ ಜಿಲ್ಲೆಯ ಭದ್ರಾಚಲದ ಸುತ್ತ ಕೋಯ ಆದಿವಾಸಿಗಳ ಊರುಗಳಿವೆ. ಮಕ್ಕಳು ಆಶ್ರಮ ಶಾಲೆಯಲ್ಲಿ ಇದ್ದು ಓದುತ್ತಾರೆ, ಅಪ್ಪ ಅಮ್ಮ ದೂರದ ಹಾಡಿಯಲ್ಲಿ. ಒಪ್ಪಿಗೆ ಪತ್ರಕ್ಕೆ ಅವರನ್ನು ಹುಡುಕಿಕೊಂಡು ಹೋಗುವುದು ತ್ರಾಸಿನ ಕೆಲಸ. ಹಾಗಾಗಿ ಒಂದು ಸುಲಭದ ದಾರಿ ಹುಡುಕಿದರು. ಅಪ್ಪ ಅಮ್ಮನ ಬದಲು ಮುಖ್ಯೋಪಾಧ್ಯಾಯರೇ, ವಾರ್ಡನ್ನರೇ ಸಹಿ ಹಾಕಬಹುದು ಅಂತ ರಾಜ್ಯದ ಅಧಿಕಾರಿಗಳಿಂದ ಸೂಚನೆ ಹೋಯಿತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ಕುರ್ಚಿ ನನಗೆ ಗೊತ್ತು. ಹಾಸ್ಟೆಲ್ ಇರುವ ಶಾಲೆಯ ಹೆಡ್‌ಮಾಸ್ಟರ್ ಮೇಜಿನ ಮೇಲೆ ದಿನಾ ಒಂದು ಕಟ್ಟು ಕಾಗದ ಇರುತ್ತದೆ. ಸ್ಕಾಲರ್‌ಶಿಪ್ ಅರ್ಜಿ, ಬಸ್ ಪಾಸ್, ಬ್ಯಾಂಕ್ ಖಾತೆ, ಟಿಸಿ, ಪ್ರವಾಸದ ಪರವಾನಗಿ. ಎಲ್ಲದಕ್ಕೂ ಪಾಲಕರ ಸಹಿ ಬೇಕು ಅಂತ ಇರುತ್ತದೆ, ಪಾಲಕರು ಸುಗ್ಗಿಗೋ ಗುಳೆಗೋ ಹೋಗಿರುತ್ತಾರೆ. ಗುಮಾಸ್ತರು ಸೀಲು ಒತ್ತಿ ಮುಂದಿಡುತ್ತಾರೆ. 'ಮೇಡಂ, ನಾಳೆ ಬಿಇಒ ಆಫೀಸಿಗೆ ಕೊಡಬೇಕು.' ಮೇಲಿಂದ ಸುತ್ತೋಲೆ ಬಂದಿದೆ ಅಂದಮೇಲೆ ಒಬ್ಬ ಹೆಡ್‌ಮಾಸ್ಟರ್ ಅದನ್ನು ಪ್ರಶ್ನೆ ಮಾಡುವುದು ಬಹಳ ಕಡಿಮೆ. ಖಮ್ಮಂನ ಆ ಮೇಷ್ಟ್ರುಗಳನ್ನು ನಾನು ಬೈಯಲಾರೆ. ಅವರ ಮುಂದೆ ಬಂದದ್ದು ಇನ್ನೊಂದು ಕಟ್ಟು ಕಾಗದ. ಅದರಲ್ಲಿ ಈ ಕಟ್ಟು ಮಾತ್ರ ಬೇರೆ ಥರದ್ದು ಅಂತ ಅವರಿಗೆ ಹೇಳಬೇಕಾದವರು ಹೇಳಲಿಲ್ಲ. ಆ ಹೇಳಬೇಕಾದವರಲ್ಲಿ ನೀವೂ ಇದ್ದಿರಿ.

2013ರ ಆಗಸ್ಟ್‌ನಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿ ತನ್ನ 72ನೇ ವರದಿಯಲ್ಲಿ ಲೆಕ್ಕ ಕೊಟ್ಟಿತು. ಆಂಧ್ರದಲ್ಲಿ ಪರಿಶೀಲಿಸಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಹಾಸ್ಟೆಲ್ ವಾರ್ಡನ್ನರ ಸಹಿ. 1,948ರ ಮೇಲೆ ಹೆಬ್ಬೆಟ್ಟಿನ ಗುರುತು. ಹೆಬ್ಬೆಟ್ಟು ಒತ್ತುವುದು ತಪ್ಪೇನಲ್ಲ. ಓದು ಬಾರದವರೂ ಯೋಚಿಸಿಯೇ ಒಪ್ಪಬಹುದು, ಯೋಚಿಸಿಯೇ ಬೇಡ ಅನ್ನಬಹುದು. ಆದರೆ ಓದಿ ಹೇಳಿದವರು ಯಾರು, ಪಕ್ಕದಲ್ಲಿ ಸಾಕ್ಷಿ ಯಾರಿದ್ದರು ಅಂತ ಗೊತ್ತಾಗಬೇಕಲ್ವಾ? ಇದರ ಜೊತೆ ಲಸಿಕೆ ಕಾರ್ಡಿನ ಮೇಲೆ ಸರ್ಕಾರದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ಲಾಂಛನ ಬೇರೆ. ಪೋಲಿಯೊ ಹನಿಯ ಹಾಗೆ ಇದೂ ಸರ್ಕಾರದ್ದೇ ಕಾರ್ಯಕ್ರಮ ಅಂತ ಜನ ತಿಳಿದುಕೊಂಡರೆ ಅವರ ತಪ್ಪೇನು? ಮಕ್ಕಳಿಗೆ ತೊಂದರೆಯಾದರೆ ದಾಖಲಿಸುವ ಸರಿಯಾದ ವ್ಯವಸ್ಥೆಯೂ ಇರಲಿಲ್ಲ ಅಂತ ಸಮಿತಿ ಹೇಳಿತು. ನಿಮ್ಮ ಮಂಡಳಿಯನ್ನೂ ಕಟುವಾಗಿಯೇ ಟೀಕಿಸಿತು.

ಏಳು ಹುಡುಗಿಯರು ತೀರಿಕೊಂಡರು. ಆಂಧ್ರದಲ್ಲಿ ಐವರು, ಗುಜರಾತಿನಲ್ಲಿ ಇಬ್ಬರು. ಇದನ್ನು ಹಿಡಿದುಕೊಂಡು ಇವತ್ತಿಗೂ ವಾಟ್ಸಾಪಿನಲ್ಲಿ 'ಲಸಿಕೆ ಕೊಂದಿತು' ಅಂತ ಹರಿದಾಡುತ್ತದೆ. ಸರ್ಕಾರ ನೇಮಿಸಿದ ತನಿಖಾ ಸಮಿತಿ ಹಾಗೆ ಹೇಳಲಿಲ್ಲ. ಒಬ್ಬಳು ನೀರಿನಲ್ಲಿ ಮುಳುಗಿದ್ದಳು, ಒಬ್ಬಳಿಗೆ ಹಾವು ಕಚ್ಚಿತ್ತು, ಕೀಟನಾಶಕ ಕುಡಿದದ್ದೂ ಇತ್ತು. ಸಾವುಗಳಿಗೂ ಲಸಿಕೆಗೂ ಬಹುತೇಕ ಸಂಬಂಧ ಇಲ್ಲ ಅನ್ನುವುದು ಆ ಸಮಿತಿಯ ತೀರ್ಮಾನ. ನಾನು ಅದನ್ನು ಒಪ್ಪುತ್ತೇನೆ. ಆದರೆ ಒಂದು ಸಾವಾದಾಗ ಅದನ್ನು ತಕ್ಷಣ ಬರೆದಿಟ್ಟು, ತಕ್ಷಣ ವಿಚಾರಿಸಿ, ತಕ್ಷಣ ಮನೆಯವರಿಗೆ ಹೇಳುವ ಏರ್ಪಾಡು ಇದ್ದಿದ್ದರೆ ಅನುಮಾನ ಬೆಳೆಯುತ್ತಲೇ ಇರಲಿಲ್ಲ. ತಿಂಗಳುಗಟ್ಟಲೆ ಯಾರೂ ಏನೂ ಹೇಳದೆ ಇದ್ದು, ಕೊನೆಗೆ ಹೋರಾಟಗಾರರು ಊರಿಗೆ ಹೋಗಿ ಬಂದ ಮೇಲೆ ವಿಷಯ ಹೊರಬಿತ್ತು. 2010ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಯೋಜನೆಯನ್ನೇ ನಿಲ್ಲಿಸಿತು.

ಪಾತ್ ಸಂಸ್ಥೆಯ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯ ಅಲ್ಲ. ಇದು ಔಷಧದ ಪ್ರಯೋಗ ಅಲ್ಲ, ಪರವಾನಗಿ ಇರುವ ಲಸಿಕೆಯನ್ನು ಶಾಲೆಗಳ ಮೂಲಕ ಹೇಗೆ ತಲುಪಿಸಬಹುದು ಅಂತ ನೋಡುವ ಪ್ರಾತ್ಯಕ್ಷಿಕೆ ಯೋಜನೆ ಅನ್ನುವುದು ಅವರ ವಾದ. ಕಾಗದದ ಮೇಲೆ ಈ ವಾದ ನಿಲ್ಲಬಹುದು. ಸಂಸದೀಯ ಸಮಿತಿ ಒಪ್ಪಲಿಲ್ಲ. ನಾನು ಮೇಷ್ಟ್ರ ಕಣ್ಣಿನಿಂದ ನೋಡುತ್ತೇನೆ. ನನ್ನ ಶಾಲೆಯ ಮಕ್ಕಳಿಂದ ನೀವು ಏನನ್ನೋ ಕಲಿಯಲು ಬಂದಿದ್ದೀರಿ, ಬರೆದುಕೊಂಡು ಹೋಗುತ್ತೀರಿ, ಆಮೇಲೆ ಜರ್ನಲ್‌ನಲ್ಲಿ ಪ್ರಕಟಿಸುತ್ತೀರಿ. ಹಾಗಾದರೆ ಅದಕ್ಕೆ ಪ್ರಯೋಗ ಅನ್ನಿ, ಪ್ರಾಜೆಕ್ಟ್ ಅನ್ನಿ, ಸರ್ವೆ ಅನ್ನಿ. ಮಗುವಿಗೂ ಮನೆಯವರಿಗೂ ಕೇಳಲೇಬೇಕು. ಹಣೆಪಟ್ಟಿ ಬದಲಾಯಿಸಿದರೆ ಸೂಜಿಯ ಮೊನೆ ಬದಲಾಗುವುದಿಲ್ಲ.

ಇದೊಂದೇ ಆಗಿದ್ದರೆ ಏನೋ ಅವಸರದಲ್ಲಿ ಆಯಿತು ಅಂತ ಬಿಡಬಹುದಿತ್ತು. ಆದರೆ ಇದೇ ರೋಗ, ಇದೇ ಬಡ ಹೆಂಗಸರು, ಹಿಂದೆಯೂ ಎರಡು ಸಲ ಹೀಗಾಗಿದೆ. ದೆಹಲಿಯಲ್ಲಿ ನಿಮ್ಮದೇ ಸಂಸ್ಥೆಯೊಂದು 1976ರಿಂದ 1988ರವರೆಗೆ ಒಂದು ಅಧ್ಯಯನ ನಡೆಸಿತು. ಗರ್ಭಕಂಠದಲ್ಲಿ ಕ್ಯಾನ್ಸರ್‌ಗೆ ತಿರುಗಬಹುದಾದ ಬದಲಾವಣೆ ಇದ್ದ 1,100ಕ್ಕೂ ಜಾಸ್ತಿ ಹೆಂಗಸರನ್ನು ಚಿಕಿತ್ಸೆ ಕೊಡದೆ ನೋಡುತ್ತಾ ಕೂತರು. ಎಷ್ಟು ಜನರದ್ದು ತಾನಾಗಿಯೇ ಹೋಗುತ್ತದೆ, ಎಷ್ಟು ಜನರದ್ದು ಕ್ಯಾನ್ಸರ್ ಆಗುತ್ತದೆ ಅಂತ ತಿಳಿಯಬೇಕಿತ್ತು. 71 ಮಂದಿಗೆ ಕ್ಯಾನ್ಸರ್ ಬಂತು. ಅವರಲ್ಲಿ ಒಂಬತ್ತು ಮಂದಿಗೆ ಅದು ಒಳಕ್ಕೆ ಇಳಿದಿತ್ತು. ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡಿರಲಿಲ್ಲ. 1997ರಲ್ಲಿ ಪತ್ರಿಕೆಗಳಲ್ಲಿ ಬಂದ ಮೇಲೆಯೇ ಹೊರಗಿನವರಿಗೆ ಗೊತ್ತಾಯಿತು. ಸೋಜಿಗ ಏನೆಂದರೆ, ಮನುಷ್ಯರ ಮೇಲಿನ ಸಂಶೋಧನೆ ಹೇಗಿರಬೇಕು ಅಂತ ನಿಮ್ಮ ಮೊದಲ ನೀತಿ ಹೇಳಿಕೆ ಬಂದದ್ದು 1980ರಲ್ಲಿ. ಆ ಅಧ್ಯಯನ ಇನ್ನೂ ನಡೆಯುತ್ತಿದ್ದಾಗಲೇ.

ಎರಡನೆಯದು ನಮ್ಮ ಪಕ್ಕದ್ದು. ಆಳಂದ ದಾಟಿ ಮುಂದೆ ಹೋದರೆ ಉಮರ್ಗಾ, ಅದು ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆ, ಈಗ ಧಾರಾಶಿವ ಅಂತಾರೆ. ಇಲ್ಲಿನ ಎಷ್ಟೋ ಮನೆಗಳಿಗೆ ಅಲ್ಲಿ ಬೀಗರಿದ್ದಾರೆ. 1999ರಲ್ಲಿ ಅಲ್ಲಿನ 30ರಿಂದ 59 ವರ್ಷದ ಹೆಂಗಸರ ಮೇಲೆ ಒಂದು ದೊಡ್ಡ ಅಧ್ಯಯನ ಶುರುವಾಯಿತು. ಹಣ ಗೇಟ್ಸ್ ಫೌಂಡೇಶನ್ನಿನದು, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿಯ ಮುಂದಾಳತ್ವ. ಊರುಗಳನ್ನು 52 ಗುಂಪು ಮಾಡಿ ನಾಲ್ಕು ಭಾಗ ಮಾಡಿದರು. ಒಂದು ಭಾಗಕ್ಕೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಗರ್ಭಕಂಠದ ಜೀವಕೋಶ ತೆಗೆದು ನೋಡುವ ಪ್ಯಾಪ್ ಪರೀಕ್ಷೆ, ಒಂದಕ್ಕೆ ವಿನೆಗರ್ ಹಚ್ಚಿ ನೋಡುವ ಪರೀಕ್ಷೆ. ನಾಲ್ಕನೆಯ ಭಾಗದ 31,488 ಹೆಂಗಸರಿಗೆ ತಪಾಸಣೆ ಇಲ್ಲ. ಎಂಟು ವರ್ಷದಲ್ಲಿ ಆ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್‌ನಿಂದ 64 ಜನ ಸತ್ತರು. ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ ಸತ್ತವರು 34. 'ಒಂದೇ ಸಲದ ಪರೀಕ್ಷೆಯಿಂದ ಸಾವು ಅರ್ಧದಷ್ಟು ಇಳಿಯಿತು' ಅಂತ 2009ರಲ್ಲಿ ಜಗತ್ತಿನ ಹೆಸರಾಂತ ಜರ್ನಲ್‌ನಲ್ಲಿ ಬಂತು. ಮುಂಬೈಯ ಬಡಾವಣೆಗಳಲ್ಲಿ, ತಮಿಳುನಾಡಿನ ದಿಂಡಿಗಲ್‌ನಲ್ಲಿ ನಡೆದ ಇಂಥದೇ ಅಧ್ಯಯನ ಸೇರಿಸಿದರೆ ತಪಾಸಣೆ ಇಲ್ಲದ ಗುಂಪಿನಲ್ಲಿ 1,38,624 ಹೆಂಗಸರಿದ್ದರು, 254 ಜನ ಸತ್ತರು ಅಂತ ಟೀಕಾಕಾರರು ಲೆಕ್ಕ ಹಾಕಿದರು.

ಸಂಶೋಧಕರ ಉತ್ತರ ನನಗೆ ಗೊತ್ತು. 'ಆ ಊರುಗಳಲ್ಲಿ ಮೊದಲೂ ತಪಾಸಣೆ ಇರಲಿಲ್ಲ. ನಾವೇನು ಕಿತ್ತುಕೊಳ್ಳಲಿಲ್ಲ.' ನಿಜ, ಕಿತ್ತುಕೊಳ್ಳಲಿಲ್ಲ. ಆದರೆ ಪ್ಯಾಪ್ ಪರೀಕ್ಷೆ 1940ರ ದಶಕದಿಂದ ಇದೆ. ಯಾರ ದುಡ್ಡಿನಲ್ಲಿ ಈ ಅಧ್ಯಯನ ನಡೆಯಿತೋ ಅವರ ದೇಶದಲ್ಲಿ ಮೂವತ್ತು ಸಾವಿರ ಹೆಂಗಸರನ್ನು ತಪಾಸಣೆ ಮಾಡದೆ ಎಂಟು ವರ್ಷ ಎಣಿಸುತ್ತಾ ಕೂರುತ್ತೇವೆ ಅಂದರೆ ಯಾವ ಕಮಿಟಿ ಒಪ್ಪುತ್ತಿತ್ತು? ಬಡತನದಿಂದಾಗಿ ಒಂದು ಊರಿಗೆ ಏನೂ ಸಿಗದೇ ಇರುವುದನ್ನೇ ಅಳತೆಗೋಲು ಮಾಡಿಕೊಂಡರೆ, ಬಡ ಊರೇ ಸಂಶೋಧನೆಗೆ ಅತಿ ಅಗ್ಗದ ಜಾಗ ಆಗಿಬಿಡುತ್ತದೆ. ಇಲ್ಲಿ ನಾನು ಡಾಕ್ಟರುಗಳ ಜೊತೆ ಜಗಳ ಆಡುವುದೂ ಇದೇ ವಿಷಯಕ್ಕೆ. ಅವರಲ್ಲಿ ಒಳ್ಳೆಯವರೂ ನನ್ನ ಮಾತು ಒಪ್ಪುವುದಿಲ್ಲ, ಅದೂ ಹೇಳಿಬಿಡುತ್ತೇನೆ. ಆ ಅಧ್ಯಯನ ನಡೆಯದಿದ್ದರೆ ಇವತ್ತು ಎಚ್‌ಪಿವಿ ಪರೀಕ್ಷೆಗೆ ಈ ಬಲ ಬರುತ್ತಿರಲಿಲ್ಲ ಅನ್ನುತ್ತಾರೆ. ಇರಬಹುದು. ಆದರೆ ಬಲ ಬಂದ ಮೇಲೆ ಆ ಊರುಗಳಿಗೆ ಸಿಕ್ಕಿದ್ದೇನು?

ಈಗ ಎಲ್ಲಕ್ಕಿಂತ ವಿಚಿತ್ರವಾದ ಕಥೆಗೆ ಬರುತ್ತೇನೆ. ಇದನ್ನು ನಮ್ಮ ಕಡೆ ಬಹಳ ಜನ ಕೇಳಿಲ್ಲ.

ಖಮ್ಮಂ ಯೋಜನೆ ನಡೆಯುತ್ತಿದ್ದ ಹೊತ್ತಿಗೆ ಐಎಆರ್‌ಸಿಯದು ಬೇರೆಯೇ ಒಂದು ಅಧ್ಯಯನ ದೇಶದ ಬೇರೆ ಬೇರೆ ಕಡೆ ಶುರುವಾಗಿತ್ತು. ಅದಕ್ಕೂ ಗೇಟ್ಸ್ ಫೌಂಡೇಶನ್ ಹಣ. ಮೂರು ಡೋಸ್ ಬೇಕಾ, ಎರಡು ಸಾಕಾ ಅಂತ ನೋಡಲು 20 ಸಾವಿರ ಹುಡುಗಿಯರಿಗೆ ಲಸಿಕೆ ಹಾಕುವ ಅಂದಾಜು. 2010ರ ಏಪ್ರಿಲ್‌ನಲ್ಲಿ ಖಮ್ಮಂ ಗಲಾಟೆಯಿಂದ ಸರ್ಕಾರ ಎಲ್ಲ ಎಚ್‌ಪಿವಿ ಲಸಿಕೆ ಅಧ್ಯಯನಗಳಲ್ಲೂ ಲಸಿಕೆ ಹಾಕುವುದನ್ನು ನಿಲ್ಲಿಸಿತು. ಅಷ್ಟು ಹೊತ್ತಿಗೆ 17,729 ಹುಡುಗಿಯರು ಸೇರಿದ್ದರು. ಕೆಲವರಿಗೆ ಮೂರೂ ಆಗಿತ್ತು, ಕೆಲವರಿಗೆ ಎರಡು. ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಒಂದು ಡೋಸ್ ಆಗಿ ನಿಂತುಹೋಯಿತು. ಯಾರೂ ಹಾಗೆ ಯೋಜನೆ ಹಾಕಿರಲಿಲ್ಲ. ಸಂಶೋಧಕರು ಆ ಹುಡುಗಿಯರನ್ನು ಕೈಬಿಡದೆ ವರ್ಷ ವರ್ಷ ನೋಡುತ್ತಾ ಬಂದರು. 2021ರಲ್ಲಿ ಫಲಿತಾಂಶ ಬಂತು. ಒಂದೇ ಡೋಸ್ ಪಡೆದವರಲ್ಲೂ ಎಚ್‌ಪಿವಿಯ 16 ಮತ್ತು 18ನೇ ತಳಿಗಳ, ವಾಸಿಯಾಗದೆ ಮೈಯಲ್ಲೇ ಉಳಿದುಬಿಡುವ ಸೋಂಕಿನ ವಿರುದ್ಧ ಶೇ. 95ರಷ್ಟು ರಕ್ಷಣೆ. ಮೂರು ಡೋಸಿಗೆ ಏನೂ ಕಡಿಮೆ ಇಲ್ಲ. ಕೀನ್ಯಾದ ಅಧ್ಯಯನವೂ ಅದೇ ಹೇಳಿತು. 2022ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಕೊಟ್ಟರೂ ಆಗುತ್ತದೆ ಅಂದಿತು.

ಇದರ ಅರ್ಥ ಏನು ನೋಡಿ. ಎಷ್ಟೋ ಬಡ ದೇಶಗಳು ಇವತ್ತು ಒಂದೇ ಡೋಸ್ ಕೊಟ್ಟು ಕಡಿಮೆ ಖರ್ಚಿನಲ್ಲಿ ತಮ್ಮ ಹೆಣ್ಣುಮಕ್ಕಳನ್ನು ಕಾಪಾಡುತ್ತಿವೆ. ಆ ಧೈರ್ಯದ ಹಿಂದೆ ಭಾರತದ ಹಳ್ಳಿ, ಪೇಟೆಗಳ ಹುಡುಗಿಯರ ರಕ್ತದ ಮಾದರಿಗಳಿವೆ. ಇಲ್ಲಿ? ಸಿಕ್ಕಿಂ 2018ರಲ್ಲಿ ತನ್ನ ಹುಡುಗಿಯರಿಗೆ ಲಸಿಕೆ ಹಾಕಿಸಿತು, ಅದಕ್ಕಿಂತ ಮೊದಲು ಪಂಜಾಬ್ ಎರಡು ಜಿಲ್ಲೆಗಳಲ್ಲಿ ಶುರು ಮಾಡಿತ್ತು. ದೇಶದ ಮಟ್ಟದಲ್ಲಿ ಹಣಕಾಸು ಮಂತ್ರಿಗಳು 9ರಿಂದ 14ರ ಹುಡುಗಿಯರ ಲಸಿಕೆಗೆ ಪ್ರೋತ್ಸಾಹ ಕೊಡುತ್ತೇವೆ ಅಂದದ್ದು 2024ರ ಫೆಬ್ರವರಿಯ ಬಜೆಟ್‌ನಲ್ಲಿ. ಖಮ್ಮಂ ಆಗಿ ಹದಿನಾಲ್ಕು ವರ್ಷದ ಮೇಲೆ. ಲಸಿಕೆಯ ಬೆಲೆಯೂ ಒಂದು ಅಡ್ಡಿ ಆಗಿತ್ತು, ಒಪ್ಪುತ್ತೇನೆ. ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ ಅನ್ನುವ ದೇಶಿ ಎಚ್‌ಪಿವಿ ಲಸಿಕೆಗೆ 2022ರಲ್ಲಿ ಪರವಾನಗಿ ಸಿಕ್ಕ ಮೇಲೆ ಬೆಲೆಯ ಮಾತು ಸ್ವಲ್ಪ ಸುಲಭವಾಯಿತು. ಆದರೆ ನಡುವಿನ ವರ್ಷಗಳಲ್ಲಿ ಎಚ್‌ಪಿವಿ ಅನ್ನುವ ಹೆಸರು ತೆಗೆದರೆ ಸಾಕು, ಅಧಿಕಾರಿಗಳು ಫೈಲ್ ಮುಚ್ಚಿಡುತ್ತಿದ್ದರು. ಆ ಅಂಜಿಕೆ ಎಲ್ಲಿಂದ ಬಂತು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅಪ್ಪ ಅಮ್ಮನನ್ನು ಕೇಳಲು ಬೇಕಿದ್ದ ಕೆಲವು ವಾರಗಳನ್ನು ಉಳಿಸಲು ಹೋಗಿ ಹತ್ತಕ್ಕಿಂತ ಜಾಸ್ತಿ ವರ್ಷ ಕಳೆದುಕೊಂಡೆವು.

ನಮ್ಮಲ್ಲಿ ಮಾತ್ರ ಹೀಗೆ ಅಂತಲ್ಲ. ನೈಜೀರಿಯಾದ ಕಾನೊದಲ್ಲಿ 1996ರಲ್ಲಿ ಮೆನಿಂಜೈಟಿಸ್ ಹಬ್ಬಿದಾಗ ಫೈಜರ್ ಕಂಪನಿ ಟ್ರೊವಾನ್ ಅನ್ನುವ ಹೊಸ ಔಷಧಕ್ಕೆ 200 ಮಕ್ಕಳ ಮೇಲೆ ಪ್ರಯೋಗ ಮಾಡಿತು. ಅರ್ಧ ಮಕ್ಕಳಿಗೆ ಹೊಸದು, ಅರ್ಧ ಮಕ್ಕಳಿಗೆ ಹಳೆಯದು. ಸರಿಯಾಗಿ ಒಪ್ಪಿಗೆ ತೆಗೆದುಕೊಳ್ಳಲಿಲ್ಲ ಅಂತ ಮನೆಯವರು ಕೋರ್ಟಿಗೆ ಹೋದರು, ಕಂಪನಿ ಅಲ್ಲಗಳೆಯಿತು, 2009ರಲ್ಲಿ 7.5 ಕೋಟಿ ಡಾಲರಿಗೆ ಕಾನೊ ರಾಜ್ಯದ ಜೊತೆ ರಾಜಿಯಾಯಿತು. ಅದರ ನಡುವೆ, 2003ರಲ್ಲಿ, ಅದೇ ಕಾನೊದಲ್ಲಿ ಪೋಲಿಯೊ ಲಸಿಕೆಯೇ ಬೇಡ ಅಂತ ನಿಲ್ಲಿಸಿಬಿಟ್ಟರು. ಟ್ರೊವಾನ್ ಒಂದೇ ಕಾರಣ ಅಲ್ಲ. ಆದರೆ ಜನರ ಬಾಯಲ್ಲಿ ಅದೂ ಇತ್ತು. ಪೋಲಿಯೊ ಅಲ್ಲಿಂದ ಬೇರೆ ದೇಶಗಳಿಗೂ ಹೋಯಿತು.

ಜನರನ್ನು ಕೇಳುವುದು ಅಂದರೆ ಏನು ಅಂತ ನಾನು ನೋಡಿದ್ದು 2017ರ ಫೆಬ್ರವರಿಯಲ್ಲಿ. ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದು ಸಂಶೋಧನೆ ಅಲ್ಲ, ಸರ್ಕಾರದ ಕಾರ್ಯಕ್ರಮವೇ. ಆದರೂ ವಾಟ್ಸಾಪಿನಲ್ಲಿ ಏನೇನೋ ಬಂದು, ಶಾಲೆಯ ಗೇಟಿನಲ್ಲಿ ತಾಯಂದಿರು ನಿಂತುಬಿಟ್ಟರು. ಮೊದಲು ನಮ್ಮ ಮೇಷ್ಟ್ರೊಬ್ಬರು ಮೈಕ್ ಹಿಡಿದು ಭಾಷಣ ಮಾಡಿದರು. ಯಾರೂ ಕದಲಲಿಲ್ಲ. ಆಮೇಲೆ ಎಎನ್‌ಎಂ, ಅಂದರೆ ಲಸಿಕೆ ಹಾಕುವ ಆರೋಗ್ಯ ಸಹಾಯಕಿ, ಬಂದು ವರಾಂಡದಲ್ಲಿ ಅವರ ಪಕ್ಕ ಚಾಪೆಯ ಮೇಲೆ ಕೂತರು. ಲಸಿಕೆಯ ಬಾಟಲಿ ತೋರಿಸಿದರು, ಐಸ್ ಡಬ್ಬಿ ತೆಗೆದು ತೋರಿಸಿದರು. ಒಬ್ಬ ತಾಯಿ ಕೇಳಿದ್ದು ಒಂದೇ ಪ್ರಶ್ನೆ. 'ರಾತ್ರಿ ಜ್ವರಾ ಬಂದ್ರ ಯಾರಿಗಿ ಫೋನ್ ಹಚ್ಚಬೇಕ್ರಿ?' ಎಎನ್‌ಎಂ ತಮ್ಮ ಸ್ವಂತ ನಂಬರನ್ನು ಕರಿಹಲಗೆಯ ಮೇಲೆ ಬರೆದರು. ಬಹಳ ಜನ ಮಕ್ಕಳನ್ನು ಒಳಗೆ ಕಳಿಸಿದರು. ಕೆಲವರು ವಾಪಸ್ ಕರಕೊಂಡು ಹೋದರು. ಹೋಗಲಿ ಅಂತ ಬಿಟ್ಟೆವು. ಅವರಲ್ಲಿ ಇಬ್ಬರು ಮೂವರು ಮರುವಾರ ತಾವಾಗಿಯೇ ಬಂದರು.

ಹಾಗಂತ ಈಗ ಎಲ್ಲ ಕೆಟ್ಟದಾಗಿದೆ ಅಂತ ನಾನು ಹೇಳುವುದಿಲ್ಲ. ಖಮ್ಮಂ ಆದ ಮೇಲೆ ನಿಯಮಗಳು ಗಟ್ಟಿಯಾಗಿವೆ. ನಿಮ್ಮ 2017ರ ಮಾರ್ಗಸೂಚಿ ಚೆನ್ನಾಗಿದೆ, ನಾನು ಕೂತು ಓದಿದ್ದೇನೆ. ಏಳು ವರ್ಷ ದಾಟಿದ ಮಗುವಿನ ಇಷ್ಟವನ್ನೂ ಕೇಳಬೇಕು ಅಂತ ಅದರಲ್ಲಿದೆ. ಕಮಿಟಿಯಲ್ಲಿ ಅರ್ಧದಷ್ಟು ಜನ ಹೊರಗಿನವರಿರಬೇಕು ಅಂತ 2019ರ ನಿಯಮದಲ್ಲಿದೆ. ಆದರೆ ನಿಯಮದ ಪುಸ್ತಕ ಮತ್ತು ಒಪಿಡಿಯ ನಡುವೆ ಎಷ್ಟು ದೂರ ಇದೆ ಅಂತ ನೋಡಲು ಸುಮ್ನೆ ಒಂದು ಬೆಳಿಗ್ಗೆ ಬಂದು ಕೂರಿ. ನಾನು ಒಂದು ಆಸ್ಪತ್ರೆಯಲ್ಲಿ ಕಂಡದ್ದು ಹೇಳುತ್ತೇನೆ, ಹೆಸರು ಬೇಡ. ಹದಿನೈದು ಹದಿನಾರು ಪುಟದ ಒಪ್ಪಿಗೆ ಪತ್ರ. ಕನ್ನಡದಲ್ಲೇ ಇದೆ, ಆದರೆ ಕನ್ನಡ ಎಂ.ಎ. ಮಾಡಿದವರೂ ಎರಡು ಸಲ ಓದಬೇಕು. ನರ್ಸ್ ಕೊನೆಯ ಪುಟ ತೆರೆದು ಇಂಕ್ ಪ್ಯಾಡ್ ಮುಂದಿಟ್ಟರು. ಸಾಕ್ಷಿಗೆ ಅಂತ ಪಕ್ಕದ ಬೆಂಚಿನ ರೋಗಿಯ ತಮ್ಮನನ್ನು ಕರೆದರು. ಅವನು ಸಹಿ ಮಾಡಿ ಹೋಗಿ ಮತ್ತೆ ಸಾಲಿನಲ್ಲಿ ನಿಂತ. ಆ ಅಜ್ಜಿ ನನ್ನ ಕಡೆ ತಿರುಗಿ ಕೇಳಿದ್ದು, 'ರೇಷನ್ ಕಾರ್ಡ್ ಬೇಕಾ ಇದಕ್ಕ?' ಕಾಗದ ಪತ್ರದಲ್ಲಿ ಎಲ್ಲ ಸರಿ ಇತ್ತು. ನಾಳೆ ಯಾರಾದರೂ ಬಂದು ತಪಾಸಣೆ ಮಾಡಿದರೂ ಒಂದು ತಪ್ಪೂ ಸಿಗುವುದಿಲ್ಲ.

ಹಾಗಾಗಿ ನಾನು ಹೊಸ ಕಾನೂನು ಕೇಳುತ್ತಿಲ್ಲ. ಕೇಳುವುದು ಕೆಲವು ಸಣ್ಣ ಕೆಲಸ.

ಮೊದಲನೆಯದು, ಆ ಹೆಂಗಸರ ಹತ್ತಿರ ಹೋಗಿ. ಖಮ್ಮಂ, ವಡೋದರದವರು, ಆಮೇಲೆ ಡೋಸ್ ಅಧ್ಯಯನದ 17,729 ಜನ. 'ನಿಮ್ಮಿಂದ ಜಗತ್ತು ಇಂಥದ್ದೊಂದು ಕಲಿತಿತು' ಅಂತ ಹೇಳಿ. ಈಗ ಅವರಿಗೆ ಮೂವತ್ತಾಗುತ್ತಿದೆ, ತಪಾಸಣೆಯ ವಯಸ್ಸು. ಪುಕ್ಕಟೆ ಎಚ್‌ಪಿವಿ ಪರೀಕ್ಷೆ ಮಾಡಿಸಿ. ಉಸ್ಮಾನಾಬಾದಿನ ನಾಲ್ಕನೆಯ ಗುಂಪಿನಲ್ಲಿ ಬದುಕಿ ಉಳಿದವರಿಗೂ ಅವರ ಹೆಣ್ಣುಮಕ್ಕಳಿಗೂ ಅಷ್ಟೇ. ಇದಕ್ಕೆ ಹಣ ಇಲ್ಲ ಅಂದರೆ ಅಂದು ಹಣ ಕೊಟ್ಟವರನ್ನೇ ಕೇಳಬಹುದು. ಅವರ ಹತ್ತಿರ ಇದೆ.

ಎರಡನೆಯದು ವಾರ್ಡನ್ ಸಹಿ. ಲಸಿಕೆ ಮತ್ತೆ ಶಾಲೆಗಳಿಗೆ ಬರುವ ಕಾಲ ಇದು. ಅದರ ಹಿಂದೆಯೇ ಅಧ್ಯಯನಗಳೂ ಬರುತ್ತವೆ, ಬರಲಿ. ಆದರೆ ಸಂಶೋಧನೆಗೆ ಹೆಡ್‌ಮಾಸ್ಟರಾಗಲಿ, ವಾರ್ಡನ್ನಾಗಲಿ, ವಸತಿ ಶಾಲೆಯ ಪ್ರಿನ್ಸಿಪಾಲರಾಗಲಿ ಪಾಲಕರ ಬದಲು ಸಹಿ ಹಾಕಿದರೆ ಆ ಪತ್ರ ಲೆಕ್ಕಕ್ಕಿಲ್ಲ ಅಂತ ಒಂದು ಸಾಲಿನ ಸುತ್ತೋಲೆ ಹೊರಡಿಸಿ. ನಿಮ್ಮ ಮಾರ್ಗಸೂಚಿಯಲ್ಲಿ ಇದು ಇದೆ ಅನ್ನಬೇಡಿ. ಹೆಡ್‌ಮಾಸ್ಟರುಗಳು ಮಾರ್ಗಸೂಚಿ ಓದುವುದಿಲ್ಲ, ಸುತ್ತೋಲೆ ಓದುತ್ತಾರೆ. ಶಿಕ್ಷಣ ಇಲಾಖೆ, ಸಮಾಜ ಕಲ್ಯಾಣ ಇಲಾಖೆಗಳ ಮೂಲಕವೇ ಅದು ಬರಬೇಕು. ದಸರಾ ರಜೆಗೆ ಮಕ್ಕಳು ಊರಿಗೆ ಹೋಗುತ್ತಾರೆ, ದೀಪಾವಳಿಗೆ ಪಾಲಕರು ಕರೆದೊಯ್ಯಲು ಬರುತ್ತಾರೆ. ಅಲ್ಲಿಯವರೆಗೆ ಕಾಯಲಾರದಷ್ಟು ತುರ್ತಿನ ಸಂಶೋಧನೆ ನನಗಂತೂ ಇನ್ನೂ ಕಂಡಿಲ್ಲ.

ಮೂರನೆಯದು, ಆ ತಾಯಿ ಕೇಳಿದ ಪ್ರಶ್ನೆ. ಪ್ರತಿ ಒಪ್ಪಿಗೆ ಪತ್ರದ ಮೊದಲ ಪುಟದಲ್ಲಿ, ದೊಡ್ಡ ಅಕ್ಷರದಲ್ಲಿ, ರಾತ್ರಿ ಎತ್ತುವ ಒಂದು ಫೋನ್ ನಂಬರ್. ಕಮಿಟಿಯವರು ಒಪ್ಪಿಗೆ ಕೊಡುವ ಮುಂಚೆ ರಾತ್ರಿ ಹತ್ತಕ್ಕೆ ಆ ನಂಬರಿಗೆ ಒಂದು ಫೋನ್ ಮಾಡಿ ನೋಡಲಿ. ನಮ್ಮ ಕಮಿಟಿಯಲ್ಲಿ ನಾನು ಇದನ್ನು ಹೇಳಿದಾಗ ನಕ್ಕರು. ನಗಲಿ.

ಕೊನೆಯದು ನಿಮ್ಮ ಕೈಯಲ್ಲೇ ಇರುವಂಥದು. ದೇಶದ ಎಲ್ಲ ಟ್ರಯಲ್‌ಗಳನ್ನು ದಾಖಲಿಸುವ ಸಿಟಿಆರ್‌ಐ ನೋಂದಣಿ 2007ರಿಂದ ನೀವೇ ನಡೆಸುತ್ತಿದ್ದೀರಿ. ಯಾರು ಬೇಕಾದರೂ ತೆರೆದು ನೋಡಬಹುದು, ಒಳ್ಳೆಯ ಕೆಲಸ. ಆದರೆ ನೋಡಲು ಇಂಗ್ಲಿಷ್ ಬೇಕು, ಅದರಲ್ಲೂ ಡಾಕ್ಟರರ ಇಂಗ್ಲಿಷ್. ಕರ್ನಾಟಕದಲ್ಲಿ ನಡೆಯುವ ಪ್ರತಿ ಟ್ರಯಲ್‌ಗೂ ಹತ್ತು ಸಾಲಿನ ಕನ್ನಡ ಸಾರಾಂಶ ಹಾಕಿಸಿ. ಯಾವ ಔಷಧ, ಯಾವ ಆಸ್ಪತ್ರೆ, ಯಾರ ಹಣ, ತೊಂದರೆಯಾದರೆ ಯಾರು ಹೊಣೆ, ಮುಗಿದ ಮೇಲೆ ಏನು ಗೊತ್ತಾಯಿತು. ಅಷ್ಟು ಸಾಕು. ತೆಲಂಗಾಣದ್ದು ತೆಲುಗಿನಲ್ಲಿ, ಧಾರಾಶಿವದ್ದು ಮರಾಠಿಯಲ್ಲಿ. ಬಯೋಎಥಿಕ್ಸ್ ಘಟಕ ಬೆಂಗಳೂರಿನಲ್ಲೇ ಇದೆ, ಆದ್ದರಿಂದ ಕನ್ನಡದಿಂದಲೇ ಶುರು ಮಾಡಬಹುದು. ತಿಳಿಯುವ ಹಾಗೆ ಬರೆದುಕೊಡಲು ಜನ ಬೇಕಿದ್ದರೆ ಹೇಳಿ ಕಳಿಸಿ. ಈ ಊರಿನಲ್ಲಿ ನಿವೃತ್ತ ಮೇಷ್ಟ್ರುಗಳು ಬೇಕಾದಷ್ಟು ಇದ್ದೇವೆ. ಸಂಭಾವನೆ ಬೇಡ, ಬಸ್ ಚಾರ್ಜ್ ಮತ್ತು ಚಹಾ ಕೊಟ್ಟರೆ ಸಾಕು.

ಇತಿ,
ಎಥಿಕ್ಸ್ ಕಮಿಟಿಯೊಂದರ 'ಸಾಮಾನ್ಯ ವ್ಯಕ್ತಿ',
ನಿವೃತ್ತ ಮುಖ್ಯೋಪಾಧ್ಯಾಯಿನಿ, ಕಲಬುರಗಿ